ಓದಿನಿಂದ ಉಳಿದ ಆರು ತಿಂಗಳು

ಪರೀಕ್ಷೆ ಹತ್ತಿರ ಬಂತೆಂದರೆ ನಮಗೆ ಹಾಸ್ಟೆಲ್ ಕೋಣೆಯೇ ಜೈಲು. ಹಾಗೆ ಗೊಣಗುವಾಗಲೆಲ್ಲ ನನಗೆ ನಿಜವಾದ ಜೈಲಿನಲ್ಲಿ ಕುಳಿತು ಓದಿದ ಬಾಲ ಗಂಗಾಧರ ತಿಲಕರು ನೆನಪಾಗುತ್ತಾರೆ.

1856ರಲ್ಲಿ ರತ್ನಾಗಿರಿಯಲ್ಲಿ ಹುಟ್ಟಿದ ತಿಲಕರು ಗಣಿತದ ವಿದ್ಯಾರ್ಥಿ. 1877ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಿ.ಎ., ಆಮೇಲೆ ಕಾನೂನು ಪದವಿ ಪಡೆದರು. ಸರ್ಕಾರಿ ನೌಕರಿ ಹಿಡಿಯದೆ ಗೆಳೆಯರೊಂದಿಗೆ ಶಾಲೆ ಕಟ್ಟಿದರು, ‘ಕೇಸರಿ’ ಪತ್ರಿಕೆ ನಡೆಸಿದರು. ಆಗ ನಮ್ಮ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಭಾಗವೂ ಪುಣೆಯಂತೆ ಮುಂಬೈ ಪ್ರಾಂತದಲ್ಲೇ ಇತ್ತು. ಪಕ್ಕದ ಸವಣೂರು ಮಾತ್ರ ನವಾಬರ ಸಂಸ್ಥಾನ. ತಿಲಕರನ್ನು ಜೈಲಿಗೆ ಹಾಕಿದ ಸರ್ಕಾರವೇ ನಮ್ಮ ಮುತ್ತಜ್ಜಂದಿರನ್ನೂ ಆಳುತ್ತಿತ್ತು.

1897ರಲ್ಲಿ ‘ಕೇಸರಿ’ಯ ಬರಹಗಳಿಗಾಗಿ ರಾಜದ್ರೋಹದ ಆರೋಪ ಹೊರಿಸಿ 18 ತಿಂಗಳ ಕಠಿಣ ಸಜೆ ವಿಧಿಸಿದರು. ವೇದಗಳ ಕಾಲವನ್ನು ನಕ್ಷತ್ರಗಳ ಲೆಕ್ಕದಿಂದ ಹುಡುಕುವ ‘ಓರಾಯನ್’ ಗ್ರಂಥವನ್ನು ತಿಲಕರು 1893ರಲ್ಲೇ ಪ್ರಕಟಿಸಿದ್ದರು. ಅವರ ವಿದ್ವತ್ತು ಬಲ್ಲ ಮ್ಯಾಕ್ಸ್ ಮುಲ್ಲರ್ ಜೈಲಿಗೆ ಋಗ್ವೇದದ ಪ್ರತಿ ಕಳಿಸಿದರು. ಇಂಥ ವಿದ್ವಾಂಸನಿಗೆ ಕರುಣೆ ತೋರಬೇಕೆಂದು ಇತರರೊಂದಿಗೆ ಸೇರಿ ವಿಕ್ಟೋರಿಯಾ ರಾಣಿಗೆ ಮನವಿಯನ್ನೂ ಸಲ್ಲಿಸಿದರು. 1898ರ ಸೆಪ್ಟೆಂಬರ್‌ನಲ್ಲಿ, ಆರು ತಿಂಗಳು ಮೊದಲೇ ತಿಲಕರ ಬಿಡುಗಡೆಯಾಯಿತು.

1908ರಲ್ಲಿ ಮತ್ತೆ ಆರು ವರ್ಷಗಳ ಶಿಕ್ಷೆ, ದೂರದ ಬರ್ಮಾದ ಮಂಡಾಲೆ ಜೈಲು. ಈ ಸಲ ಪಾಂಡಿತ್ಯ ಕೈಹಿಡಿಯಲಿಲ್ಲ. ಆದರೂ ಅವರು ಓದು ಬಿಡಲಿಲ್ಲ. ಜರ್ಮನ್, ಫ್ರೆಂಚ್, ಪಾಲಿ ಕಲಿತರು. ಪೆನ್ನು, ಶಾಯಿಗೆ ಅನುಮತಿ ಇರಲಿಲ್ಲ. ಪೆನ್ಸಿಲ್ ಹಿಡಿದೇ ‘ಗೀತಾರಹಸ್ಯ’ ಬರೆದರು. 1912ರಲ್ಲಿ ಪತ್ನಿ ತೀರಿಕೊಂಡ ಸುದ್ದಿಯೂ ಅವರಿಗೆ ಅಲ್ಲೇ ತಲುಪಿತು. 1914ರಲ್ಲಿ ಹೊರಬಂದರು. ಮರುವರ್ಷ ಗ್ರಂಥ ಅಚ್ಚಾಯಿತು. ಅದನ್ನು ಆಲೂರು ವೆಂಕಟರಾಯರು ಕನ್ನಡಕ್ಕೆ ತಂದರು. 1920ರ ಆಗಸ್ಟ್ 1ರಂದು ತಿಲಕರು ನಿಧನರಾದರು.

ತಿಲಕರಿಗೆ ಮೊದಲ ಸಲ ಮ್ಯಾಕ್ಸ್ ಮುಲ್ಲರ್ ಇದ್ದರು. ಸಾಮಾನ್ಯ ಕೈದಿಯ ಪರವಾಗಿ ಯಾರು ಬರೆಯಬೇಕು? ಬ್ರೆಜಿಲ್‌ನಲ್ಲಿ 2011ರ ಕಾನೂನಿನಂತೆ ಕೈದಿ 12 ಗಂಟೆ ಓದಿದರೆ ಒಂದು ದಿನದ ಶಿಕ್ಷೆ ಕಡಿತವಾಗುತ್ತದೆ. ಪದವಿ ಮುಗಿಸಿದರೆ ಹೀಗೆ ಗಳಿಸಿದ ದಿನಗಳಿಗೆ ಮೂರನೇ ಒಂದು ಭಾಗ ಇನ್ನೂ ಸೇರುತ್ತದೆ. ನಮ್ಮಲ್ಲೂ ಇಗ್ನೋ ಮೂಲಕ ಕೈದಿಗಳು ಜೈಲಿನಲ್ಲೇ ಪದವಿ ಓದುತ್ತಾರೆ. ಅವರ ಓದಿಗೂ ಶಿಫಾರಸಿನ ಹಂಗಿಲ್ಲದೆ, ನಿಯಮದ ಪ್ರಕಾರವೇ ಬೆಲೆ ಸಿಗಬೇಕು ಎಂಬುದು ನನ್ನ ಅನಿಸಿಕೆ.

ಆದರೆ ನನಗೆ ಹೆಚ್ಚು ಹತ್ತಿರವಾದವರು ಮಂಡಾಲೆಯ ತಿಲಕರು. ಶಿಕ್ಷೆ ಇಳಿಯುವ ಆಸೆಯಿಲ್ಲದೆಯೂ ಅವರು ಓದಿದರು. ಕೆಲಸ ಸಿಗುತ್ತದೋ ಇಲ್ಲವೋ ತಿಳಿಯದೆ ಓದುತ್ತಿರುವವರು ನಾವೂ ಅಲ್ಲವೇ?