ಕುದುರೆ ಸವಾರ ದೊರೆಯಾದ ಕತೆ: ಧೋಂಡಿಯಾ ವಾಘ್

ಅಂಬ್ಲಿಗೊಳದ ಜಲಾಶಯ ನೋಡೋಕೆ ನಮ್ಮಲ್ಲಿ ಸುಮಾರು ಜನ ಬೈಕಿನಲ್ಲಿ ಹೋಗಿ ಬಂದಿದ್ದೇವೆ. ಶಿಕಾರಿಪುರದಲ್ಲಿ ಟೀ ಕುಡಿದು, ಸೊರಬದ ಕಡೆ ತಿರುಗಿ, ಫೋಟೋ ಹಾಕಿ ಮುಗಿಸುತ್ತೇವೆ. ಇದೇ ಸೀಮೆಯಲ್ಲಿ 1799ರ ಮಳೆಗಾಲದಲ್ಲಿ ಒಬ್ಬ ಹಳೇ ಸಿಪಾಯಿ ತಾನೇ ದೊರೆ ಅಂತ ಮೆರೆದಿದ್ದ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವನ ಹೆಸರು ಧೋಂಡಿಯಾ ವಾಘ್.

ಹುಟ್ಟಿದ್ದು ಚನ್ನಗಿರಿಯಲ್ಲಿ, ಮರಾಠ ಮನೆತನದಲ್ಲಿ. ಹೈದರಾಲಿಯ ಅಶ್ವದಳಕ್ಕೆ ಸಾಮಾನ್ಯ ಸವಾರನಾಗಿ ಸೇರಿದ. ಹಿಂದೆ ಮುಂದೆ ಯಾರ ಶಿಫಾರಸೂ ಇರಲಿಲ್ಲ. ಇದ್ದದ್ದು ಕುದುರೆ, ಕತ್ತಿ ಮತ್ತು ಧೈರ್ಯ. ಹೈದರನ ನಂತರ ಟಿಪ್ಪುವಿನ ಕೈಕೆಳಗೂ ದುಡಿದ. ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಟಿಪ್ಪುವನ್ನು ಬಿಟ್ಟು, ಧಾರವಾಡ–ಹಾವೇರಿ ಕಡೆ ತನ್ನದೇ ದಂಡು ಕಟ್ಟಿ ಸುಲಿಗೆಗೆ ಇಳಿದ. ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ ಅಲ್ಲಿಂದ ಅವನನ್ನು ಓಡಿಸಿದ. ಈ ಹಗೆ ಮುಂದೆ ದೊಡ್ಡದಾಯಿತು.

1794ರಲ್ಲಿ ಧೋಂಡಿಯಾ ಇನ್ನೂರರಷ್ಟು ಸವಾರರ ಜೊತೆ ಮತ್ತೆ ಟಿಪ್ಪುವಿನ ಬಳಿಗೆ ಬಂದ. ಅಲ್ಲಿ ಮತಾಂತರವಾಯಿತು, ಹೊಸ ಹೆಸರೂ ಬಂತು. ಆದ್ರೆ ಟಿಪ್ಪುವಿಗೆ ಅವನ ಮೇಲೆ ನಂಬಿಕೆ ಉಳಿಯಲಿಲ್ಲ. ಶ್ರೀರಂಗಪಟ್ಟಣದ ಸೆರೆಮನೆಗೆ ಹಾಕಿಸಿದ. ಅಲ್ಲಿಗೆ ಕತೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಗೆದ್ದ ಇಂಗ್ಲಿಷರು ಕೈದಿಗಳನ್ನು ಬಿಡಿಸಿದಾಗ ಧೋಂಡಿಯಾನೂ ಹೊರಬಿದ್ದು ಉತ್ತರಕ್ಕೆ ಹೊರಟ. ಅವನ ಏಳಿಗೆಯ ಗುಟ್ಟು ಇರೋದು ಇಲ್ಲೇ. ಟಿಪ್ಪುವಿನ ಸೈನ್ಯ ಒಡೆದುಹೋಗಿತ್ತು. ಸಾವಿರಾರು ಜನ ಸವಾರರ ಕೈಯಲ್ಲಿ ಆಯುಧ ಇತ್ತು, ಕೆಲಸ ಇರಲಿಲ್ಲ, ಸಂಬಳವೂ ಇರಲಿಲ್ಲ. ಹಳೇ ರಾಜ್ಯ ಹೋಗಿತ್ತು, ಹೊಸದು ಇನ್ನೂ ಊರೂರಿಗೆ ಮುಟ್ಟಿರಲಿಲ್ಲ. ಅಂಥವರಿಗೆ ಅವರ ಹಾಗೇ ಕೆಳಗಿನಿಂದ ಬಂದ ಒಬ್ಬ ನಾಯಕ ಸಿಕ್ಕಿದ. ಬಿದನೂರು, ಶಿವಮೊಗ್ಗ, ಶಿಕಾರಿಪುರ ಅವನ ಕೈಗೆ ಬಂದವು.

ಆಗಸ್ಟ್‌ನಲ್ಲಿ ಕರ್ನಲ್ ಸ್ಟೀವನ್‌ಸನ್ ಮತ್ತು ಡಾಲ್‌ರಿಂಪಲ್ ಅವರ ಪಡೆಗಳು ಬಂದವು. ಶಿಕಾರಿಪುರದ ಬಳಿ ಧೋಂಡಿಯಾ ಸೋತ. ಕೋಟೆ ಹೋಯಿತು. ಅವನು ಮಾತ್ರ ತುಂಗಭದ್ರೆ ದಾಟಿ ಮರಾಠರ ನೆಲಕ್ಕೆ ಪಾರಾದ. ಅಲ್ಲಿ ಗೋಖಲೆ ಅವನ ಬಿಡಾರಕ್ಕೆ ನುಗ್ಗಿ ಇದ್ದಬದ್ದದ್ದನ್ನೆಲ್ಲ ದೋಚಿದ. ಇನ್ನೇನು ಉಳಿಯಿತು ಅಂತೀರಾ? ಕೆಲವೇ ತಿಂಗಳಲ್ಲಿ ಮತ್ತೆ ಸಾವಿರಾರು ಜನ ಅವನ ಹಿಂದೆ ನಿಂತರು. ಈ ಸಲ ಅವನು ತನಗೇ ಉಭಯ ಲೋಕಾಧೀಶ್ವರ ಅಂತ ಬಿರುದು ಕೊಟ್ಟುಕೊಂಡ. ಸವಾರನಾಗಿ ಸೇರಿದವನು ಇಹಕ್ಕೂ ಪರಕ್ಕೂ ಒಡೆಯ!

ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದನ್ನು ನಗೆಯ ವಿಷಯ ಅಂದುಕೊಳ್ಳಲಿಲ್ಲ. ಬಟಾವಿಯಾ ದಂಡಯಾತ್ರೆಯ ನಾಯಕತ್ವ ಬಂದಾಗ, ಮೊದಲು ಧೋಂಡಿಯಾನ ಲೆಕ್ಕ ಮುಗಿಯಬೇಕು ಅಂತ ಬಿಟ್ಟುಕೊಟ್ಟ. 1800ರ ಜೂನ್‌ನಲ್ಲಿ ತುಂಗಭದ್ರೆ ದಾಟಿದ. ಅದೇ ತಿಂಗಳ ಕೊನೆಗೆ ಕಿತ್ತೂರಿನ ಹತ್ತಿರ ಧೋಂಡಿಯಾ ಗೋಖಲೆಯನ್ನು ಕೊಂದು ಹಳೇ ಹಗೆ ತೀರಿಸಿಕೊಂಡ. ಆದ್ರೆ ವೆಲ್ಲೆಸ್ಲಿ ಬಿಡಲಿಲ್ಲ. ರಾಣೆಬೆನ್ನೂರು, ಕುಂದಗೋಳ, ಡಂಬಳ ಒಂದೊಂದಾಗಿ ಹೋದವು. ಮಲಪ್ರಭೆಯ ದಡದ ಬಿಡಾರವೂ ಹೋಯಿತು.

ಇದನ್ನು ನಾವು ಎಂಜಿನಿಯರಿಂಗ್ ಕಣ್ಣಲ್ಲಿ ನೋಡಿದ್ರೆ, ಇದು ಹೊಳೆ ಮತ್ತು ಅಕ್ಕಿಯ ಯುದ್ಧ. ತುಂಬಿದ ಹೊಳೆಗಳೇ ಧೋಂಡಿಯಾನ ಕೋಟೆ. ವೆಲ್ಲೆಸ್ಲಿ ಹರಿಗೋಲು, ಎತ್ತು, ದವಸ ಎಲ್ಲವನ್ನೂ ಲೆಕ್ಕ ಹಾಕಿ ಜೋಡಿಸಿದ. ವೇಗ ಒಬ್ಬನದು, ಪೂರೈಕೆ ಇನ್ನೊಬ್ಬನದು. ಕೊನೆಗೆ ಪೂರೈಕೆ ಗೆದ್ದಿತು.

1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್‌ನಲ್ಲಿ ಇಬ್ಬರೂ ಎದುರಾದರು. ಧೋಂಡಿಯಾನ ಬಳಿ ಸುಮಾರು ಐದು ಸಾವಿರ ಕುದುರೆ, ವೆಲ್ಲೆಸ್ಲಿಯ ಬಳಿ ಅಶ್ವದಳದ ನಾಲ್ಕು ರೆಜಿಮೆಂಟು ಮಾತ್ರ. ವೆಲ್ಲೆಸ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದಾಗಿ ನುಗ್ಗಿಸಿದ. ಧೋಂಡಿಯಾ ಅಲ್ಲೇ ಸತ್ತ. ಗೆದ್ದವನು 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್.

ಸಾಮಾನು ಗಾಡಿಗಳ ನಡುವೆ ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಅವನನ್ನು ಸಾಕಿ, ದೇಶ ಬಿಡುವಾಗ ಅವನಿಗಾಗಿ ಹಣವನ್ನೂ ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿದ.

ಇಂಗ್ಲಿಷರ ಕಾಗದಪತ್ರಗಳಲ್ಲಿ ಧೋಂಡಿಯಾ ಬರೀ ದರೋಡೆಕೋರ. ಈಚೆಗೆ ಕೆಲವರು ಅವನನ್ನು ಸ್ವಾತಂತ್ರ್ಯ ಹೋರಾಟಗಾರ ಅನ್ನುತ್ತಾರೆ. ಎರಡೂ ಹಣೆಪಟ್ಟಿ ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಅವನ ಸವಾರರು ಹಾದುಹೋದ ಊರಿನ ರೈತನಿಗೆ ಸುಲಿಗೆ ಸುಲಿಗೆಯೇ. ಬೆಳೆದ ಜೋಳ, ಕಟ್ಟಿದ ಎತ್ತು ಎರಡೂ ಹೋಗುತ್ತಿದ್ದವು. ಆದ್ರೆ ಬರೀ ದರೋಡೆಗೆ ಅಷ್ಟು ಜನ ಮೂರು ಸಲ ಸೋತವನ ಹಿಂದೆ ಬರುವುದಿಲ್ಲ. ಯಾರಿಗೂ ಬೇಡವಾಗಿದ್ದ ಸಿಪಾಯಿಗಳಿಗೆ ಅವನು ಕೆಲಸ ಕೊಟ್ಟ, ಹೆಸರು ಕೊಟ್ಟ. ಆ ಕೆಲಸದ ಬೆಲೆಯನ್ನು ಕೊಟ್ಟವರು ಹಳ್ಳಿಯವರು. ಮುಂದಿನ ಸಲ ಶಿಕಾರಿಪುರದ ಮೇಲೆ ಹೋಗುವಾಗ ಈ ಎರಡೂ ಮಾತು ನೆನಪಿರಲಿ.