ಗೊಮ್ಮಟನನ್ನು ಕಡೆಯಿಸಿದ ರತ್ನವರ್ಮ ಹೆಗ್ಗಡೆ

ಧರ್ಮಸ್ಥಳವೆಂದೊಡನೆ ನಾಡಿನ ಜನರಿಗೆ ನೆನಪಾಗುವುದು ಮಂಜುನಾಥಸ್ವಾಮಿಯ ಸನ್ನಿಧಿ ಮತ್ತು ನಿತ್ಯ ನಡೆಯುವ ಅನ್ನದಾನ. ಅಲ್ಲಿನ ರತ್ನಗಿರಿಯ ಮೇಲೆ ನಿಂತಿರುವ 39 ಅಡಿ ಎತ್ತರದ ಬಾಹುಬಲಿ ಮೂರ್ತಿಗೂ ಯಾತ್ರಿಕರು ಕೈಮುಗಿಯುತ್ತಾರೆ. ಆ ಮೂರ್ತಿಯನ್ನು ಕಡೆಯಿಸಲು ಸಂಕಲ್ಪಿಸಿದವರಿಗೆ ಮಾತ್ರ ಅದನ್ನು ಬೆಟ್ಟದ ಮೇಲೆ ಕಾಣುವ ಭಾಗ್ಯ ಒದಗಲಿಲ್ಲ. ಅವರೇ ಕ್ಷೇತ್ರದ 20ನೇ ಧರ್ಮಾಧಿಕಾರಿ ಡಿ. ರತ್ನವರ್ಮ ಹೆಗ್ಗಡೆ.

ಜೈನ ಮನೆತನದವರು ಶಿವಾಲಯದ ಆಡಳಿತ ನಡೆಸುವ, ವೈಷ್ಣವ ಅರ್ಚಕರು ಪೂಜೆ ಸಲ್ಲಿಸುವ ಅಪೂರ್ವ ಪರಂಪರೆ ಧರ್ಮಸ್ಥಳದ್ದು. ಮಂಜಯ್ಯ ಹೆಗ್ಗಡೆಯವರು 1955ರಲ್ಲಿ ನಿಧನರಾದ ಬಳಿಕ ರತ್ನವರ್ಮ ಹೆಗ್ಗಡೆ ಆ ಪೀಠವನ್ನೇರಿದರು. ಸರ್ವಧರ್ಮ ಸಮ್ಮೇಳನ, ಸಾಹಿತ್ಯ ಗೋಷ್ಠಿ, ಯಕ್ಷಗಾನ ಮೇಳ, ಉಜಿರೆಯ ಸಿದ್ಧವನ ಗುರುಕುಲ ಇವೆಲ್ಲವೂ ಅಧಿಕಾರದೊಂದಿಗೆ ಅವರಿಗೆ ಬಂದ ಹೊಣೆಗಳು. 1957ರಲ್ಲಿ ಬೆಳ್ತಂಗಡಿ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾದ ಅವರು, 1966ರಲ್ಲಿ ಉಜಿರೆಯಲ್ಲಿ ಕಾಲೇಜನ್ನು ಆರಂಭಿಸಿ ಗ್ರಾಮೀಣ ವಿದ್ಯಾರ್ಥಿಗಳ ಉನ್ನತ ಶಿಕ್ಷಣಕ್ಕೆ ದಾರಿ ತೆರೆದರು.

ಅವರ ಬದುಕಿನ ಅತಿ ದೊಡ್ಡ ಸಾಹಸವೆಂದರೆ ಬಾಹುಬಲಿ ಮೂರ್ತಿಯ ನಿರ್ಮಾಣ. ತುಳುನಾಡಿನಲ್ಲಿ 1432ರಲ್ಲಿ ಕಾರ್ಕಳದ ಗೊಮ್ಮಟನನ್ನು, 1604ರಲ್ಲಿ ವೇಣೂರಿನ ಗೊಮ್ಮಟನನ್ನು ಪ್ರತಿಷ್ಠಾಪಿಸಿದವರು ಅರಸರು. ಅನಂತರ ಮೂರೂವರೆ ಶತಮಾನಗಳ ಕಾಲ ಇಲ್ಲಿನ ಶಿಲ್ಪಿಗಳಿಗೆ ಅಂಥ ಬೃಹತ್ ಕಾರ್ಯವನ್ನು ಒಪ್ಪಿಸುವವರೇ ಇರಲಿಲ್ಲ. ರಾಜಾಶ್ರಯ ಗತಿಸಿದ ಪ್ರಜಾಪ್ರಭುತ್ವದ ಕಾಲದಲ್ಲಿ ಹೆಗ್ಗಡೆಯವರು ಆ ಭಾರವನ್ನು ಹೊತ್ತರು. ಕೆಲಸ ಒಪ್ಪಿಸಿದ್ದು ಆಗಲೇ ವಯಸ್ಸಾಗಿದ್ದ ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರಿಗೆ. 1967ರಲ್ಲಿ ಕಾರ್ಕಳ ಸಮೀಪದ ಮಂಗಲಪಾದೆಯಲ್ಲಿ ಉಳಿಯ ಸದ್ದು ಆರಂಭವಾಯಿತು.

ಮೂರ್ತಿ ಇನ್ನೂ ಬಂಡೆಯಿಂದ ಪೂರ್ಣ ಹೊರಬಂದಿರಲಿಲ್ಲ. 1968ರಲ್ಲಿ ರತ್ನವರ್ಮ ಹೆಗ್ಗಡೆ ಅಗಲಿದರು. ಆ ವರ್ಷ ಅಕ್ಟೋಬರ್ 24ರಂದು ಪೀಠವನ್ನೇರಿದ ಪುತ್ರ ವೀರೇಂದ್ರ ಹೆಗ್ಗಡೆಯವರಿಗೆ 20 ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು. ಅರ್ಧಕ್ಕೆ ನಿಂತ ಮಹಾಶಿಲ್ಪವಾಗಿ ಅದು ಬಂಡೆಯಲ್ಲೇ ಉಳಿಯುವ ಸಾಧ್ಯತೆ ಇಲ್ಲದಿರಲಿಲ್ಲ. ಆದರೆ ತಾಯಿ ರತ್ನಮ್ಮನವರ ಬೆಂಬಲದೊಂದಿಗೆ ಮಗ ತಂದೆಯ ಸಂಕಲ್ಪವನ್ನು ಮುಂದುವರಿಸಿದರು. ಶೆಣೈಯವರು ಉಳಿಯನ್ನು ಕೆಳಗಿಡಲಿಲ್ಲ.

ಸುಮಾರು 170 ಟನ್ ತೂಕದ ಏಕಶಿಲಾ ಮೂರ್ತಿಯನ್ನು 1973ರಲ್ಲಿ ಬಹುಚಕ್ರಗಳ ವಾಹನದ ಮೇಲೇರಿಸಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ತರಲಾಯಿತು. 1975ರಲ್ಲಿ ಅದನ್ನು ಬೆಟ್ಟದ ಮೇಲೆ ನಿಲ್ಲಿಸಲಾಯಿತು. 1982ರಲ್ಲಿ ಮೊದಲ ಮಹಾಮಸ್ತಕಾಭಿಷೇಕ ನೆರವೇರಿತು. ಸಂಕಲ್ಪಿಸಿದವರು ಗತಿಸಿ ಆ ವೇಳೆಗೆ ಹದಿಮೂರು ವರ್ಷಗಳು ಸಂದಿದ್ದವು. ಕೆಲಸವನ್ನು ಕೈಗೆತ್ತಿಕೊಂಡ ಶಿಲ್ಪಿಗೆ ಮಾತ್ರ ತಮ್ಮ ಕೃತಿಯ ಅಭಿಷೇಕವನ್ನು ಕಾಣುವಷ್ಟು ಆಯುಷ್ಯ ದಕ್ಕಿತ್ತು.