ನೆಟ್ಟನೆಯ ನಿಲುವು

ನೂರು ವರ್ಷಗಳ ಹಿಂದೆ ನಮ್ಮ ದೇಶವು ಪರರ ಆಳ್ವಿಕೆಯಲ್ಲಿತ್ತು. ವಿದ್ಯಾವಂತ ಭಾರತೀಯರು ದುರ್ಬಲರೆಂಬ ಹೀಯಾಳಿಕೆ ಆಗ ಸಾಮಾನ್ಯ. ಬಾಗಿದ ಬೆನ್ನು, ಕುಗ್ಗಿದ ಎದೆ, ನೆಲ ನೋಡುವ ಕಣ್ಣು ಆ ಮಾತಿಗೆ ಸಾಕ್ಷಿ ನುಡಿಯುವಂತಿದ್ದವು. ಅಂಥ ದಿನಗಳಲ್ಲಿ ಬೆಂಗಳೂರಿನ ತರುಣರಿಗೆ ತಲೆಯೆತ್ತಿ ನಿಲ್ಲುವುದನ್ನು ಕಲಿಸಿದವರು ಕೋಲಾರದ ವೆಂಕಟೇಶ ಅಯ್ಯರ್. ಕನ್ನಡಿಗರ ಅಕ್ಕರೆಯ ಕೆ. ವಿ. ಅಯ್ಯರ್.

ಯೂರೋಪಿನ ಮಲ್ಲ ಯೂಜೆನ್ ಸ್ಯಾಂಡೋ 1905ರಲ್ಲಿ ಭಾರತದಲ್ಲಿ ಸಂಚರಿಸಿದ ಮೇಲೆ ಅಂಗಸಾಧನೆಯ ಹಂಬಲ ನಾಡಿನಲ್ಲೆಲ್ಲ ಹಬ್ಬಿತು. ಅಯ್ಯರ್ ಪಶ್ಚಿಮದ ಭಾರಸಾಧನೆಯೊಡನೆ ನಮ್ಮ ಸೂರ್ಯನಮಸ್ಕಾರ, ಯೋಗಾಸನಗಳನ್ನು ಬೆಸೆದರು. ತಮ್ಮ ದೇಹವನ್ನೇ ಮೊದಲ ಪಾಠವಾಗಿಸಿದರು. ಗ್ರೀಕ್ ಶಿಲ್ಪದಂತೆ ನಿಂತ ಅವರ ಚಿತ್ರಗಳು ವಿದೇಶದ ಪತ್ರಿಕೆಗಳಲ್ಲಿಯೂ ಪ್ರಕಟವಾದವು. ಅವರ ವ್ಯಾಯಾಮಶಾಲೆಗೆ ಬರಲಾಗದ ದೂರದವರಿಗೆ ಅಂಚೆಯ ಮೂಲಕ ಪಾಠಗಳು ಹೋಗುತ್ತಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರೂ ಅವರನ್ನು ಆದರಿಸಿದರು.

ನೆಟ್ಟಗೆ ನಿಂತವನ ಎದೆ ಅರಳುತ್ತದೆ, ಉಸಿರು ಆಳವಾಗುತ್ತದೆ, ದನಿಯಲ್ಲಿ ಅಳುಕು ತಗ್ಗುತ್ತದೆ. ವ್ಯಾಯಾಮಶಾಲೆಯ ತರುಣರು ‘ರವಿ ಕಲಾವಿದರು’ ತಂಡದಲ್ಲಿ ರಂಗವನ್ನೂ ಏರಿದರು. ನಾಟಕಕಾರ ಕೈಲಾಸಂ ಅಯ್ಯರರ ಆಪ್ತಮಿತ್ರರಾಗಿದ್ದರು.

ಆದರೆ ಅಂಗಸೌಷ್ಠವವೇ ಸರ್ವಸ್ವವಲ್ಲ. ಅಯ್ಯರರ ‘ರೂಪದರ್ಶಿ’ ಕಾದಂಬರಿಯಲ್ಲಿ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿದ್ದ ಮುದ್ದು ಹುಡುಗನೇ ಮುಂದೆ ದಾರಿತಪ್ಪಿ, ದ್ರೋಹಿ ಜೂದಾಸನ ಚಿತ್ರಕ್ಕೂ ಮಾದರಿಯಾಗುತ್ತಾನೆ. ದೇಹವನ್ನು ಕಡೆದು ನಿಲ್ಲಿಸಿದ ಕೈಯೇ ಈ ಎಚ್ಚರಿಕೆಯನ್ನೂ ಬರೆಯಿತು. ‘ಶಾಂತಲಾ’ ಅವರ ಇನ್ನೊಂದು ಜನಪ್ರಿಯ ಕೃತಿ.

ಅಯ್ಯರ್ 1980ರಲ್ಲಿ ನಿಧನರಾದರು. ನಿಲುವು ಮನಸ್ಸಿಗೆ ಧೈರ್ಯ ಕೊಡುತ್ತದೆ. ನಡತೆ ಆ ನಿಲುವನ್ನು ಕಾಯುತ್ತದೆ. ಅವರ ಬಾಳು ಮತ್ತು ಬರಹಗಳೆರಡನ್ನೂ ಕೂಡಿಸಿ ಓದಿದರೆ ತಿಳಿಯುವುದು ಇದೇ.